ಕಣಿವೆನಾಡಿನ ಹಳದಿ ಗರಿ: ಪ್ರಿನ್ಸಸ್ ಪ್ಲೂಮ್ ಕಂಡ ಜಾಗವನ್ನು ದಾಖಲಿಸುವ ಬಗೆ

ಮೇ ತಿಂಗಳ ಕೊನೆಯ ಸೋಮವಾರ ಅಮೆರಿಕದಲ್ಲಿ ಮೆಮೋರಿಯಲ್ ಡೇ. ಸಿಕ್ಕ ಮೂರು ದಿನದ ಬಿಡುವಿನಲ್ಲಿ ಕ್ಯಾಲಿಫೋರ್ನಿಯಾ, ಅರಿಜೋನಾ, ಕೊಲರಾಡೋ ಕಡೆಯ ಕನ್ನಡಿಗರು ಯೂಟಾದ ಕೆಂಪು ಕಣಿವೆಗಳತ್ತ ಗಾಡಿ ತಿರುಗಿಸುತ್ತಾರೆ. ಬಂದ ಮೇಲೆ ಕೇಳುವ ಪ್ರಶ್ನೆ ಪ್ರತಿ ವರ್ಷವೂ ಅದೇ: "ಹುಲ್ಲೂ ಹುಟ್ಟದ ಬೂದು ಮಣ್ಣಿನಲ್ಲಿ ಎದೆಯೆತ್ತರ ನಿಂತಿತ್ತಲ್ಲ, ಆ ಹಳದಿ ಹೂವು ಯಾವುದು? ಫೋಟೊ ಇದೆ, ಎಲ್ಲಿ ದಾಖಲಿಸಬೇಕು, ಹೇಗೆ?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಹತ್ತಕ್ಕೆ ಎಂಟು ಸಲ ಅದು ಡೆಸರ್ಟ್ ಪ್ರಿನ್ಸಸ್ ಪ್ಲೂಮ್, ಅಂದರೆ ರಾಜಕುಮಾರನ ಪೇಟದ ಗರಿ. ಎರಡನೆಯದಕ್ಕೆ ಈ ಲೇಖನ ಪೂರ್ತಿ ಬೇಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಫೋಟೊ ಕೊಂಚ ಮಸುಕಾಗಿದ್ದರೂ ದಾಖಲೆ ಉಳಿಯುತ್ತದೆ. ಜಾಗ ತಪ್ಪಿದರೆ, ಅಥವಾ ಎಷ್ಟು ತಪ್ಪಿರಬಹುದು ಎಂಬುದನ್ನು ನೀವು ಬರೆಯದಿದ್ದರೆ, ಎಂಥ ಚೆಂದದ ಫೋಟೊ ಇದ್ದರೂ ಅದು ಬರಿಯ ಫೋಟೊ.

ಗಿಡ ಯಾವುದು, ಜಾಗಕ್ಕೇಕೆ ಇಷ್ಟು ಬೆಲೆ

ವೈಜ್ಞಾನಿಕ ಹೆಸರು ಸ್ಟ್ಯಾನ್ಲಿಯಾ ಪಿನ್ನಾಟ. ಸಾಸಿವೆ, ಮೂಲಂಗಿ, ಎಲೆಕೋಸುಗಳ ಕುಟುಂಬವಾದ ಬ್ರ್ಯಾಸಿಕೇಸಿಗೆ ಸೇರಿದ್ದು. 'ಪಿನ್ನಾಟ' ಎಂದರೆ ಗರಿಯಂತೆ ಸೀಳಿದ್ದು. ಬುಡದ ಎಲೆಗಳು ಹಾಗಿರುತ್ತವೆ. ನಮ್ಮ ಹೊಲದ ಸಾಸಿವೆಯಂತೆ ಒಂದೇ ಬೆಳೆಗೆ ಮುಗಿಯುವ ಗಿಡವಲ್ಲ ಇದು. ಬುಡ ಕಟ್ಟಿಗೆಯಾಗಿ ವರ್ಷಗಟ್ಟಲೆ ಉಳಿದು, ವಸಂತ ಬಂದಾಗಲೆಲ್ಲ ಹೊಸ ಹೂಕಡ್ಡಿ ಎತ್ತುತ್ತದೆ. ತಗ್ಗಿನ ಕಣಿವೆಗಳಲ್ಲಿ ಏಪ್ರಿಲ್ ಕೊನೆಗೆ ಹೂ ಶುರು, ಎತ್ತರದ ಜಾಗಗಳಲ್ಲಿ ಜುಲೈವರೆಗೂ ಇರುತ್ತದೆ.

ಈ ಗಿಡದ ವಿಶೇಷ ಮಣ್ಣಿನಲ್ಲಿದೆ. ಮಣ್ಣಿನಲ್ಲಿರುವ ಸೆಲೆನಿಯಂ ಎಂಬ ಧಾತುವನ್ನು ಹೀರಿ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಣಗಿದ ಒಂದು ಕಿಲೋ ಗಿಡದಲ್ಲಿ 1 ಗ್ರಾಂಗಿಂತ ಹೆಚ್ಚು ಸೆಲೆನಿಯಂ ಇರಬಲ್ಲದು. ಬೇರೆ ಗಿಡಗಳಾದರೆ ಇದರ ಚೂರುಪಾಲಿಗೇ ಸಾಯುತ್ತವೆ. ಈ ಕಣಿವೆಗಳೆಲ್ಲ ಇರುವ ಕೊಲರಾಡೋ ಪ್ರಸ್ಥಭೂಮಿಯಲ್ಲಿ ಯುರೇನಿಯಂ ಅದಿರು ಇರುವಲ್ಲಿ ಸೆಲೆನಿಯಂ ಕೂಡ ಇರುವುದುಂಟು. ಹಾಗಾಗಿ 1950ರ ದಶಕದಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಹೆಲೆನ್ ಕ್ಯಾನನ್ ಮತ್ತು ಜೊತೆಗಾರರು ಇಂಥ ಗಿಡಗಳ ಜಾಡು ಹಿಡಿದು ಅದಿರು ಹುಡುಕುವ ವಿಧಾನವನ್ನು ಬೆಳೆಸಿದರು. ಗಿಡ ಎಲ್ಲಿದೆ ಎಂಬುದೇ ಅವರಿಗೆ ಸುದ್ದಿ. ಇಂದಿಗೂ ಹಾಗೆಯೇ: ನಿಮ್ಮ ಚುಕ್ಕೆ 100 ಮೀಟರ್ ಪಕ್ಕಕ್ಕೆ ಸರಿದರೆ ಬೂದು ಜೇಡಿಯ ಗಿಡ ನಕ್ಷೆಯಲ್ಲಿ ಕೆಂಪು ಮರಳುಗಲ್ಲಿನ ಮೇಲೆ ಕೂರುತ್ತದೆ. ಆ ದಾಖಲೆಯಿಂದ ಮಣ್ಣಿನ ಬಗ್ಗೆ ಏನನ್ನೂ ಕಲಿಯಲಾಗದು.

ಸೆಲೆನಿಯಂ ಇಲ್ಲದ ಮಣ್ಣಿನಲ್ಲೂ ಇದು ಬದುಕಬಲ್ಲದು. ಆದ್ದರಿಂದ ಗಿಡ ಕಂಡಿತೆಂದು 'ಇಲ್ಲಿ ಸೆಲೆನಿಯಂ ಇದೆ' ಎಂದು ಟಿಪ್ಪಣಿ ಬರೆಯಬೇಡಿ. ಸಾಸಿವೆ ಜಾತಿಯದಲ್ಲವೇ ಎಂದು ಸೊಪ್ಪನ್ನು ಬಾಯಿಗೂ ಹಾಕಬೇಡಿ. ದನಕುರಿಗಳಿಗೆ ವಿಷವಾಗುವ ಸೊಪ್ಪು ಅದು.

ಬೇಕಾಗುವ ಸಾಮಾನು

ಫೋನು, ಪವರ್ ಬ್ಯಾಂಕು, ಪುಟ್ಟ ನೋಟ್‌ಬುಕ್ಕು, ಪೆನ್ಸಿಲ್ಲು, 15 ಸೆಂ.ಮೀ. ಸ್ಕೇಲು. ಪೆನ್ಸಿಲ್ಲೇ ಯಾಕೆ ಅಂದರೆ ಬೆವರಿಗೆ ಇಂಕು ಹರಡುತ್ತದೆ. ಕೈಜಿಪಿಎಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ಇದು ರಾಷ್ಟ್ರೀಯ ಉದ್ಯಾನದವರೇ ಹೇಳುವ ಲೆಕ್ಕ. ದಾಖಲಿಸಲು ಐನ್ಯಾಚುರಲಿಸ್ಟ್ ಆ್ಯಪ್ ಬಳಸುತ್ತೇವೆ. ಯಾರು ಬೇಕಾದರೂ ಕಂಡ ಜೀವಿಯ ಫೋಟೊ, ದಿನ, ಜಾಗ ಹಾಕಬಹುದಾದ ಉಚಿತ ವೇದಿಕೆ ಅದು; 2008ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿದ್ದು.

ಹಂತ 1: ಮನೆ ಬಿಡುವ ಮುನ್ನ

ಕಣಿವೆಯೊಳಗೆ ಸಿಗ್ನಲ್ ಇರುವುದಿಲ್ಲ ಎಂದೇ ಎಣಿಸಿ. ಹೋಗುವ ಪ್ರದೇಶದ ನಕ್ಷೆಯನ್ನು ಆಫ್‌ಲೈನ್‌ಗೆ ಇಳಿಸಿಕೊಳ್ಳಿ. ಆ್ಯಪ್ ಇಳಿಸಿ, ಒಳಗೆ ಲಾಗಿನ್ ಆಗಿ, ಮನೆಯಂಗಳದ ಯಾವುದಾದರೂ ಕಳೆಗಿಡವೊಂದನ್ನು ದಾಖಲಿಸಿ ಕೈ ಪಳಗಿಸಿಕೊಳ್ಳಿ.

ಫೋನಿನ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾಕ್ಕೂ ಐನ್ಯಾಚುರಲಿಸ್ಟ್‌ಗೂ ಲೊಕೇಶನ್ ಅನುಮತಿ ಇದೆಯೇ, 'ಪ್ರಿಸೈಸ್ ಲೊಕೇಶನ್' ಆನ್ ಆಗಿದೆಯೇ ನೋಡಿ. ಇದು ಆಫ್ ಇದ್ದರೆ ಫೋನು ಬೇಕೆಂದೇ ಕಿಲೋಮೀಟರುಗಟ್ಟಲೆ ಮಬ್ಬಾದ ಜಾಗವನ್ನು ಕೊಡುತ್ತದೆ. ಕಂಡಲ್ಲೆಲ್ಲ ಒಂದೇ ಜಾಗ ದಾಖಲಾಗಿದ್ದರೆ ಕಾರಣ ಬಹುಪಾಲು ಇದೇ.

ಊರಿನಿಂದ ತಂದ ಕ್ಯಾಮೆರಾ ಬಳಸುವವರು ಗಡಿಯಾರ ತಿದ್ದಿಕೊಳ್ಳಿ. ಬೇಸಿಗೆಯಲ್ಲಿ ಯೂಟಾ ಸಮಯ ಭಾರತಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ. ಕ್ಯಾಮೆರಾ ಭಾರತದ ಸಮಯದಲ್ಲೇ ಇದ್ದರೆ ಮಧ್ಯಾಹ್ನ ಹನ್ನೆರಡೂವರೆಯ ನಂತರ ತೆಗೆದ ಫೋಟೊಗಳೆಲ್ಲ ಮರುದಿನದ ತಾರೀಖು ಹೊತ್ತು ಬರುತ್ತವೆ. ಇನ್ನೊಂದು ಗೋಜಲು ಯೂಟಾ-ಅರಿಜೋನಾ ಗಡಿಯದು. ಯೂಟಾದವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅರಿಜೋನಾದವರು ಇಡುವುದಿಲ್ಲ, ಅರಿಜೋನಾದೊಳಗೇ ಇರುವ ನವಾಹೋ ನೇಷನ್, ಅಂದರೆ ನವಾಹೋ ಮೂಲನಿವಾಸಿಗಳ ಸ್ವಂತ ಆಡಳಿತದ ನೆಲ, ಮತ್ತೆ ಇಡುತ್ತದೆ. ಗಡಿಯ ಪಕ್ಕದ ಪೇಜ್ ಎಂಬ ಊರಿನ ಸುತ್ತ ಫೋನಿನ ಗಡಿಯಾರ ಟವರ್ ಬದಲಾದಂತೆ ಅತ್ತಿತ್ತ ಹಾರುತ್ತದೆ. ಅಲ್ಲಿ ಹೊತ್ತನ್ನು ನೋಟ್‌ಬುಕ್ಕಿನಲ್ಲಿ, ಯಾವ ರಾಜ್ಯದ ಸಮಯ ಎಂಬುದರ ಸಮೇತ ಬರೆದುಕೊಳ್ಳಿ.

ಹಂತ 2: ಎಲ್ಲಿ ಹುಡುಕಬೇಕು, ಎಲ್ಲಿ ಕಾಲಿಡಬಾರದು

ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್, ಕ್ಯಾಪಿಟಲ್ ರೀಫ್, ಜಯಾನ್, ಗ್ರ್ಯಾಂಡ್ ಕ್ಯಾನಿಯನ್ ಈ ಐದೂ ಉದ್ಯಾನಗಳಲ್ಲಿ ಈ ಗಿಡವಿದೆ. ಕಣ್ಣಿಗೆ ಬೇಗ ಬೀಳುವುದು ಮಾತ್ರ ಮ್ಯಾಂಕೋಸ್ ಶೇಲ್ ಹರಡಿರುವ ಕಡೆ. ಡೈನೋಸಾರ್ ಯುಗದ ಕಡೆಗಾಲದ ಸಮುದ್ರದ ಕೆಸರು ಕಲ್ಲಾದದ್ದು ಅದು. ಬೂದಿ ಬಳಿದಂಥ ಬೋಳು ದಿಬ್ಬಗಳು. ಕ್ಯಾಪಿಟಲ್ ರೀಫ್‌ನಿಂದ ಪೂರ್ವಕ್ಕೆ ಯೂಟಾ 24ನೇ ಹೆದ್ದಾರಿಯಲ್ಲಿ ಕೇನ್‌ವಿಲ್ ದಾಟಿ ಹ್ಯಾಂಕ್ಸ್‌ವಿಲ್ ಕಡೆಗೆ ಹೋಗುವಾಗ ಎರಡೂ ಬದಿಗೆ ಇದೇ ನೆಲ. ಚಿನ್ಲೆ ಎಂಬ ನೇರಳೆ-ಹಸಿರು ಪಟ್ಟೆಗಳ ಜೇಡಿಪದರ, ಜಿಪ್ಸಂ ಬೆಳ್ಳಗೆ ಮಿಂಚುವ ಇಳಿಜಾರು, ರಸ್ತೆಗಾಗಿ ಕಡಿದ ಬದಿ, ಒಣಹಳ್ಳದ ದಡ ಇಲ್ಲೆಲ್ಲ ನೋಡಿ. ಮಳೆ ಬಿದ್ದ ದಿನ ಮ್ಯಾಂಕೋಸ್ ನೆಲದ ಮಣ್ಣುರಸ್ತೆಗೆ ಇಳಿಯಲೇಬೇಡಿ. ನಮ್ಮ ಎರೆಮಣ್ಣನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಚಕ್ರಕ್ಕೆ ಅಂಟಿಕೊಂಡು ಗಾಡಿ ಅಲ್ಲೇ ನಿಲ್ಲುತ್ತದೆ.

ಐ-70ರಂಥ ಮಹಾಹೆದ್ದಾರಿಯ ಅಂಚಿನಲ್ಲಿ ಹೂವಿಗಾಗಿ ಗಾಡಿ ನಿಲ್ಲಿಸುವುದು ಕಾನೂನಿಗೂ ಜೀವಕ್ಕೂ ಒಳ್ಳೆಯದಲ್ಲ. ಮುಂದಿನ ಎಕ್ಸಿಟ್ ಹಿಡಿದು ಸಣ್ಣ ರಸ್ತೆಗೆ ಬನ್ನಿ.

ಗಿಡದ ಕಡೆ ಹೆಜ್ಜೆ ಹಾಕುವ ಮುನ್ನ ನೆಲ ನೋಡಿ. ಮರಳಿನ ಮೇಲೆ ಕಪ್ಪಗೆ, ಗಂಟುಗಂಟಾಗಿ, ಸುಟ್ಟ ರೊಟ್ಟಿಯ ಮೈಯಂತೆ ಕಾಣುವ ಪದರವಿದ್ದರೆ ಅದು ಬಯೋಕ್ರಸ್ಟ್. ಸಯಾನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆಗಳು ಸೇರಿ ಮರಳನ್ನು ಹೆಣೆದು ಹಿಡಿದಿರುವ ಜೀವಂತ ಪದರ. ಒಂದು ಹೆಜ್ಜೆಗೆ ಪುಡಿಯಾದದ್ದು ಮತ್ತೆ ಕೂಡಲು ದಶಕಗಳು ಬೇಕು. ಬಂಡೆ, ಒಣಹಳ್ಳದ ತಳ, ಇರುವ ಕಾಲುದಾರಿ ಇಷ್ಟರ ಮೇಲೆ ಮಾತ್ರ ನಡೆಯಿರಿ. ಗಿಡ ಆ ಪದರದ ಆಚೆ ಇದ್ದರೆ ಹತ್ತಿರ ಹೋಗಬೇಡಿ. ದೂರದಿಂದಲೇ ಜಾಗ ಹಿಡಿಯುವ ಉಪಾಯ 4ನೇ ಹಂತದಲ್ಲಿದೆ. ಹಳ್ಳದ ತಳದಲ್ಲಿ ನಡೆಯುವವರು ಆ ದಿನದ ಹವಾಮಾನವನ್ನು, ಮೇಲಿನ ಜಲಾನಯನದ್ದೂ ಸೇರಿಸಿ, ನೋಡಿಕೊಂಡಿರಬೇಕು. ನಿಮ್ಮ ನೆತ್ತಿಯ ಮೇಲೆ ಬಿಸಿಲಿದ್ದಾಗಲೇ ಎಲ್ಲೋ ಸುರಿದ ಮಳೆ ಇಕ್ಕಟ್ಟಿನ ಕಣಿವೆಯಲ್ಲಿ ಗೋಡೆಯಂತೆ ಬರುತ್ತದೆ.

ರಾಷ್ಟ್ರೀಯ ಉದ್ಯಾನಗಳಲ್ಲಿ ಪರವಾನಗಿಯಿಲ್ಲದೆ ಹೂ ಕೀಳುವುದು, ಬೀಜ ತೆಗೆಯುವುದು ನಿಷಿದ್ಧ. ಡ್ರೋನ್ ಕೂಡ ಹಾರಿಸುವಂತಿಲ್ಲ. ನವಾಹೋ ನೇಷನ್ ನೆಲದಲ್ಲಿ ನಡೆದಾಡಲು ಅವರದೇ ಪರವಾನಗಿ ಬೇಕು. ಬೇಲಿ ಇಲ್ಲ ಅಂದಮಾತ್ರಕ್ಕೆ ಯಾರದೂ ಅಲ್ಲ ಎಂದು ತಿಳಿಯಬೇಡಿ.

ಹಂತ 3: ಇದೇ ಗಿಡವೇ?

ಹೂವನ್ನು ಪಕ್ಕದಿಂದ ನೋಡಿ. ಸಾಸಿವೆ ಹೂವಿನಂತೆ ಎಸಳು ನಾಲ್ಕೇ, ಆದರೆ ಕಿರಿದು, ಉದ್ದ. ಎಸಳಿನ ಬುಡದ ಒಳಮೈಯಲ್ಲಿ ಹತ್ತಿಯಂಥ ನವಿರು ರೋಮ. ಆರು ಕೇಸರಗಳು ಎಸಳನ್ನೂ ಮೀರಿ ಹೊರಚಾಚಿರುತ್ತವೆ. ದೂರಕ್ಕೆ ಹೂತೆನೆ ಬಾಟಲಿ ತೊಳೆಯುವ ಬ್ರಷ್ಷಿನಂತೆ ಕುಚ್ಚಾಗಿ ಕಾಣುವುದು ಈ ಕೇಸರಗಳಿಂದಲೇ. ಹೂ ಬುಡದಿಂದ ಮೇಲಕ್ಕೆ ಅರಳುತ್ತ ಹೋಗುತ್ತದೆ. ಹಾಗಾಗಿ ಮೇ ಕೊನೆಯ ಒಂದೇ ಕಡ್ಡಿಯಲ್ಲಿ ಕೆಳಗೆ ಕಾಯಿ, ನಡುವೆ ಹೂ, ತುದಿಗೆ ಮೊಗ್ಗು ಮೂರೂ ಸಿಗುತ್ತವೆ.

ಕಾಯಿಯೇ ಗಟ್ಟಿ ಸಾಕ್ಷಿ. ದಾರದಂತೆ ತೆಳ್ಳಗೆ, ಹಲವು ಸೆಂ.ಮೀ. ಉದ್ದ, ಕೆಳಕ್ಕೆ ಬಾಗಿರುತ್ತದೆ. ಹೂವಿನ ತೊಟ್ಟು ಮುಗಿದು, ಎಸಳು ಉದುರಿದ ಗುರುತು ಬಂದ ಮೇಲೂ ಕಾಯಿ ತಕ್ಷಣ ಶುರುವಾಗುವುದಿಲ್ಲ. ನಡುವೆ ಇನ್ನೊಂದು ತೊಟ್ಟು, ಒಂದರಿಂದ ಮೂರು ಸೆಂ.ಮೀ. ಉದ್ದದ್ದು, ಇರುತ್ತದೆ. ಸಸ್ಯಶಾಸ್ತ್ರದವರು ಇದನ್ನು ಗೈನೋಫೋರ್ ಎನ್ನುತ್ತಾರೆ. ಒಗ್ಗರಣೆ ಸಾಸಿವೆಯ ಕಾಯಿಗೆ ಈ ಎರಡನೇ ತೊಟ್ಟು ಇಲ್ಲ.

ಈ ಎರಡು ತೊಟ್ಟಿನ ಗುರುತನ್ನೇ ನಂಬಿದವರು ಎಡವುವುದು ಹಳದಿ ಬೀಪ್ಲಾಂಟ್ ಮುಂದೆ. ಪೆರಿಟೋಮ ಲ್ಯೂಟಿಯ ಎಂಬ ಆ ಗಿಡ ನಮ್ಮ ಹೊಲದ ಬದುಗಳ ನಾಯಿಸಾಸಿವೆಯ ಬಳಗ. ಹೂ ಹಳದಿ, ಕೇಸರ ಉದ್ದ, ಕಾಯಿಗೆ ಎರಡು ತೊಟ್ಟು, ಎಲ್ಲ ಇದರಂತೆಯೇ. ವ್ಯತ್ಯಾಸ ಎಲೆಯಲ್ಲಿ: ಅದರ ಎಲೆ ಅಂಗೈಯಿಂದ ಬೆರಳು ಹೊರಟಂತೆ, ಒಂದೇ ಬಿಂದುವಿನಿಂದ ಸಾಮಾನ್ಯವಾಗಿ ಐದು ಕಿರುಎಲೆ. ಸ್ಟ್ಯಾನ್ಲಿಯಾ ಎಲೆ ನೀಲಿಛಾಯೆಯ ಹಸಿರು, ಬುಡದವು ಗರಿಯಂತೆ ಸೀಳು, ಮೇಲಿನವು ಸೀಳಿಲ್ಲದ ಭರ್ಜಿಯಾಕಾರ. ಹಾಗಾಗಿ ಎಲೆಯ ಫೋಟೊ ಇಲ್ಲದೆ ಗಾಡಿ ಹತ್ತಬೇಡಿ.

ಹೂವು ಬಿಳಿಯಾಗಿದ್ದರೆ ಅದರ ದಾಯಾದಿ ಸ್ಟ್ಯಾನ್ಲಿಯಾ ಆಲ್ಬೆಸೆನ್ಸ್ ಇರಬಹುದು. ಹೂ ಪುಟಾಣಿ, ತಿಳಿಹಳದಿ, ಗಿಡ ಪೊದೆಯಂತೆ ಕವಲೊಡೆದಿದ್ದರೆ ಟಂಬಲ್ ಮಸ್ಟರ್ಡ್ ಎಂಬ ಹೊರಗಿನ ಕಳೆ. ಖಾತ್ರಿ ಇಲ್ಲವೇ? 'ಸ್ಟ್ಯಾನ್ಲಿಯಾ' ಎಂದು ಕುಲದ ಮಟ್ಟಕ್ಕೆ, ಅದೂ ಅನುಮಾನವಾದರೆ 'ಬ್ರ್ಯಾಸಿಕೇಸಿ' ಎಂದು ಕುಟುಂಬದ ಮಟ್ಟಕ್ಕೆ ನಿಲ್ಲಿಸಿ. ಆ್ಯಪ್ ತಾನಾಗಿ ಸೂಚಿಸುವ ಹೆಸರನ್ನು ಕಣ್ಣುಮುಚ್ಚಿ ಒತ್ತುವುದಕ್ಕಿಂತ ಅದು ಎಷ್ಟೋ ಮೇಲು.

ಹಂತ 4: ಜಾಗ ಹಿಡಿಯುವುದು

ಇಲ್ಲಿ ಅವಸರ ಬೇಡ.

ಜಿಪಿಎಸ್ ಉಪಗ್ರಹದಿಂದ ಬರುವ ಸಂಕೇತದ ಪಯಣದ ಹೊತ್ತನ್ನು ಅಳೆದು ದೂರ ಲೆಕ್ಕ ಹಾಕುತ್ತದೆ. ಕಣಿವೆಯಲ್ಲಿ ಎರಡು ತೊಡಕು. ಗೋಡೆಗಳು ಆಕಾಶವನ್ನು ಮರೆಮಾಡಿ ಕೆಲವೇ ಉಪಗ್ರಹಗಳನ್ನು ಕಾಣಗೊಡುತ್ತವೆ. ಜೊತೆಗೆ ಸಂಕೇತ ಎದುರುಗೋಡೆಗೆ ಬಡಿದು ಬಳಸಿಕೊಂಡು ಬರುತ್ತದೆ. ದಾರಿ ಉದ್ದವಾದದ್ದು ಫೋನಿಗೆ ತಿಳಿಯುವುದಿಲ್ಲ. ಫಲವಾಗಿ ಚುಕ್ಕೆ ಹತ್ತಾರು ಮೀಟರ್ ಸರಿಯುತ್ತದೆ. ಬಯಲಿನಲ್ಲಿ ಹತ್ತಾರು ಮೀಟರ್ ದೊಡ್ಡದಲ್ಲ. ಇಲ್ಲಿ ಅಷ್ಟು ಸರಿದರೆ ಹಳ್ಳದ ತಳದ ಗಿಡ 100 ಮೀಟರ್ ಮೇಲಿನ ಬಂಡೆಯಂಚಿನಲ್ಲಿ ಕಾಣಿಸಿಕೊಳ್ಳುತ್ತದೆ.

ಪರದೆಯ ಮೇಲೆ '±5 ಮೀ' ಎಂದಿದ್ದರೆ ಅದು ಗ್ಯಾರಂಟಿಯೂ ಅಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಆ ಅಂಕಿಯ ಅರ್ಥ ನೂರಕ್ಕೆ 68 ಸಲ ನಿಜವಾದ ಜಾಗ ಆ ವೃತ್ತದೊಳಗಿರುತ್ತದೆ ಎಂದಷ್ಟೆ.

ಮಾಡಬೇಕಾದ್ದು ಹೀಗೆ:

ಗಿಡದ ಪಕ್ಕ ನಿಂತು ಫೋನನ್ನು ಆಕಾಶಕ್ಕೆ ಕಾಣುವಂತೆ ಹಿಡಿಯಿರಿ, ಜೇಬಿನಲ್ಲಲ್ಲ. ಸಿಗ್ನಲ್ ಇಲ್ಲದ ಕಡೆ ಮೊದಲ ಸಲ ಜಾಗ ಹಿಡಿಯಲು ಕೆಲವು ನಿಮಿಷವೇ ಬೇಕಾದೀತು, ಏಕೆಂದರೆ ಉಪಗ್ರಹಗಳ ವೇಳಾಪಟ್ಟಿಯನ್ನು ಇಂಟರ್ನೆಟ್ಟಿನ ಬದಲು ಉಪಗ್ರಹದಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕು. ಗಾಡಿಯಿಂದ ಇಳಿದೊಡನೆ ತೆಗೆದ ಮೊದಲ ಫೋಟೊದಲ್ಲಿ ಹಿಂದೆ ಎಲ್ಲೋ ನಿಂತಿದ್ದ ಪೆಟ್ರೋಲ್ ಬಂಕಿನ ಜಾಗ ಕೂರುವುದು ಇದೇ ಕಾರಣಕ್ಕೆ.

ನಿಮಿಷಕ್ಕೊಂದರಂತೆ ಮೂರು ಸಲ ಓದಿ ಬರೆದುಕೊಳ್ಳಿ. ಮೂರೂ 15 ಮೀಟರಿನೊಳಗೆ ಕೂಡಿಬಂದರೆ ನಡುವಿನದನ್ನು ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಚದುರಿದರೆ ಆ ಓದನ್ನು ನಂಬಬೇಡಿ. ಗೋಡೆಯಿಂದ ದೂರ, ಆಕಾಶ ತೆರೆದಿರುವ ಕಡೆಗೆ ನಡೆದು ಅಲ್ಲಿ ಓದಿ, ಗಿಡ ಅಲ್ಲಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು ಎಂದು ಬರೆಯಿರಿ. ಬಯೋಕ್ರಸ್ಟ್ ಆಚೆಯ ಗಿಡಕ್ಕೂ ಇದೇ ಉಪಾಯ, ಹೆಜ್ಜೆಯ ಬದಲು ಕಣ್ಣಳತೆ. ನಿಮ್ಮ ಹೆಜ್ಜೆಯ ಉದ್ದವನ್ನು ಮೊದಲೇ ಮನೆಯ ಹತ್ತಿರ ಅಳೆದಿಡಿ. ದಿಕ್ಸೂಚಿ ಬಳಸುವವರು ನೆನಪಿಡಿ, ಯೂಟಾದಲ್ಲಿ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 10 ಡಿಗ್ರಿ ಪೂರ್ವಕ್ಕೆ ತೋರಿಸುತ್ತದೆ. ಇದನ್ನು ತಿದ್ದದಿದ್ದರೆ 40 ಮೀಟರ್ ದೂರಕ್ಕೆ 7 ಮೀಟರ್ ಪಕ್ಕಕ್ಕೆ ಬೀಳುತ್ತೀರಿ.

ಈಗ ತಪ್ಪಿನ ವೃತ್ತ. ಗಿಡ ಖಂಡಿತ ಈ ವೃತ್ತದೊಳಗಿದೆ ಎಂದು ನೀವು ಎದೆ ಮುಟ್ಟಿ ಹೇಳಬಲ್ಲ ತ್ರಿಜ್ಯ ಅದು. ಆ್ಯಪ್‌ನಲ್ಲಿ 'ಅಕ್ಯುರಸಿ' ಎಂಬ ಹೆಸರಿನಲ್ಲಿರುತ್ತದೆ. ಒಂದು ಉದಾಹರಣೆ: ದಿಬ್ಬದ ಮೇಲೆ 50 ಮೀಟರ್ ಅಗಲಕ್ಕೆ ಗಿಡಗಳು ಹರಡಿವೆ, ನೀವು ನಡುವೆ ನಿಂತಿದ್ದೀರಿ, ಜಿಪಿಎಸ್ ±8 ಎನ್ನುತ್ತಿದೆ. ಗುಂಪಿನ ಅರ್ಧ ಅಗಲ 25, ಅದಕ್ಕೆ 8 ಕೂಡಿಸಿದರೆ 33. 35 ಎಂದು ಬರೆಯಿರಿ. ಹೆಜ್ಜೆ ಎಣಿಸಿದ ಗಿಡವಾದರೆ ಜಿಪಿಎಸ್ 6, ಹೆಜ್ಜೆಯ ತಪ್ಪು 4, ದಿಕ್ಕಿನ ತಪ್ಪು 7, ಒಟ್ಟು 17. 20 ಎಂದು ಬರೆಯಿರಿ. ಅಂಕಿ ದೊಡ್ಡದಾದರೆ ದಾಖಲೆ ಕೀಳಾಯಿತು ಎಂದು ಹಲವರು ಸಂಕೋಚಪಟ್ಟು 5 ಎಂದೇ ಒತ್ತುತ್ತಾರೆ. ಸಂಶೋಧಕರಿಗೆ 60 ಮೀಟರಿನ ನಿಜ ಬೇಕು, 5 ಮೀಟರಿನ ಸುಳ್ಳು ಬೇಡ.

ಅಕ್ಷಾಂಶ-ರೇಖಾಂಶವನ್ನು ಕೈಯಲ್ಲಿ ಬರೆಯುವಾಗ ಆಗುವ ಎಡವಟ್ಟುಗಳು ಬೇರೆ. ಯೂಟಾ ಪಶ್ಚಿಮ ರೇಖಾಂಶದಲ್ಲಿದೆ, ಆದ್ದರಿಂದ ರೇಖಾಂಶದ ಮುಂದೆ ಮೈನಸ್ ಬೇಕು. 38.34, -111.0 ಎಂದರೆ ಯೂಟಾ. ಮೈನಸ್ ಬಿಟ್ಟರೆ ನಿಮ್ಮ ಗಿಡ ಚೀನಾದಲ್ಲಿ ಅರಳುತ್ತದೆ. ಡಿಗ್ರಿ-ನಿಮಿಷ ರೀತಿಯನ್ನು ದಶಾಂಶದ ಜೊತೆ ಬೆರೆಸಬೇಡಿ: 38 ಡಿಗ್ರಿ 20 ನಿಮಿಷ ಎಂದರೆ 38.20 ಅಲ್ಲ, 38.3333. ಈ ಒಂದು ತಪ್ಪಿಗೆ ಸುಮಾರು 15 ಕಿಲೋಮೀಟರ್ ವ್ಯತ್ಯಾಸ. ದಶಾಂಶದ ಐದನೇ ಸ್ಥಾನ ಅಕ್ಷಾಂಶದಲ್ಲಿ ಸುಮಾರು ಒಂದು ಮೀಟರ್. ಅಷ್ಟು ಸಾಕು, ಫೋನು ತೋರಿಸುವ ಎಂಟು ಹತ್ತು ಅಂಕಿಗಳನ್ನೆಲ್ಲ ನಕಲು ಮಾಡಿದರೆ ನಿಖರತೆ ಹೆಚ್ಚುವುದಿಲ್ಲ.

ಹಳೆಯ ಕಾಗದದ ನಕ್ಷೆ ಬಳಸುವವರಿಗೆ ಮಾತ್ರ: ನಕ್ಷೆಯ ಮೂಲೆಯಲ್ಲಿ ಎನ್‌ಎಡಿ27 ಎಂದಿದೆಯೇ ನೋಡಿ. ಅದು ಡೇಟಮ್, ಅಂದರೆ ಭೂಮಿಯ ಮೇಲೆ ಅಳತೆಯ ಜಾಲ ಹಾಸುವಾಗ ಇಟ್ಟುಕೊಂಡ ಆಧಾರ. ಫೋನಿನ ಆಧಾರ ಡಬ್ಲ್ಯುಜಿಎಸ್84. ಇವೆರಡನ್ನು ಬೆರೆಸಿದರೆ ಯುಟಿಎಂ ಚೌಕುಳಿಯಲ್ಲಿ (ಜಾಗವನ್ನು ಡಿಗ್ರಿಯ ಬದಲು ಮೀಟರಿನಲ್ಲಿ ಹೇಳುವ ಬಗೆ) ಇನ್ನೂರು ಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಯಾವ ಡೇಟಮ್ ಎಂದು ಬರೆದಿಟ್ಟರೆ ಯಾರಾದರೂ ತಿದ್ದಿಯಾರು; ಬರೆಯದಿದ್ದರೆ ಯಾರಿಗೂ ಆಗದು.

ಎತ್ತರವನ್ನು ಫೋನು ಹೇಳಿದಂತೆ ಬರೆಯಲು ಹೋಗಬೇಡಿ. ಜಾಗ ಸರಿಯಿದ್ದರೆ ನಕ್ಷೆಯಿಂದ ಎತ್ತರ ತಾನಾಗಿ ಸಿಗುತ್ತದೆ.

ಹಂತ 5: ಐದು ಫೋಟೊ

ಇಡೀ ಗಿಡ; ಕೇಸರ ಕಾಣುವಂತೆ ಪಕ್ಕದಿಂದ ಹೂವು; ಬುಡದ ಎಲೆ; ಎರಡೂ ತೊಟ್ಟಿನ ಸಮೇತ ಕಾಯಿ; ಹಿನ್ನೆಲೆಯ ದಿಬ್ಬ ಅಥವಾ ದಿಗಂತ ಸೇರಿಸಿ ದೂರದ ನೋಟ. ಐದನೆಯದನ್ನು ಎಲ್ಲರೂ ಮರೆಯುತ್ತಾರೆ. ನಕ್ಷೆಯ ಮೇಲಿನ ಚುಕ್ಕೆ, ಅಂದರೆ ಪಿನ್, ತಪ್ಪಿದೆ ಎಂಬ ಅನುಮಾನ ಬಂದಾಗ, ದಿಗಂತದ ಗೆರೆಯನ್ನು ಉಪಗ್ರಹ ಚಿತ್ರಕ್ಕೆ ಹೋಲಿಸಿ ಜಾಗವನ್ನು ವಾಪಸ್ ಹಿಡಿಯಲು ಇರುವುದು ಅದೊಂದೇ.

ಬಿಸಿಲಿನಲ್ಲಿ ಈ ಹಳದಿ ಫೋನಿನ ಕಣ್ಣಿಗೆ ಸುಟ್ಟುಹೋಗುತ್ತದೆ, ಹೂವಿನ ಬದಲು ಬೆಳಕಿನ ಮುದ್ದೆ ಉಳಿಯುತ್ತದೆ. ಹೂವಿನ ಮೇಲೆ ಬೆರಳೊತ್ತಿ ಬೆಳಕನ್ನು ಕೊಂಚ ಇಳಿಸಿ, ಇಲ್ಲವೇ ನಿಮ್ಮ ನೆರಳು ಬೀಳಿಸಿ. ಮಧ್ಯಾಹ್ನದ ಗಾಳಿಗೆ ಕಡ್ಡಿ ನಿಲ್ಲದು, ಬೆಳಗ್ಗೆಯೇ ಮುಗಿಸಿ. ಸ್ಕೇಲನ್ನು ಕಾಯಿಯ ಪಕ್ಕ ಹಿಡಿಯಿರಿ.

ಫ್ರೇಮಿನಲ್ಲಿ ಬೇರೇನಿದೆ ಎಂದೂ ನೋಡಿ. ಹಿಂದೆ ಪ್ರಾಚೀನ ಶಿಲಾಚಿತ್ರ, ಧಾನ್ಯ ಇಡಲು ಕಲ್ಲಿನಲ್ಲಿ ಕಟ್ಟಿದ ಹಳೆಯ ಕಣಜ ಅಥವಾ ಅಪರೂಪದ ಪುಟ್ಟ ಕಳ್ಳಿ ಇದ್ದರೆ ಕೋನ ಬದಲಿಸಿ. ನಿಖರ ಜಾಗದೊಡನೆ ಹಾಕಿದ ಆ ಫೋಟೊ ಕದಿಯುವವರಿಗೆ ವಿಳಾಸ ಕೊಟ್ಟಂತೆ.

ಗೆಳೆಯರು ವಾಟ್ಸ್ಯಾಪ್‌ನಲ್ಲಿ ಕಳಿಸಿದ ಫೋಟೊ ಕೆಲಸಕ್ಕೆ ಬಾರದು. ವಾಟ್ಸ್ಯಾಪ್ ಫೋಟೊದೊಳಗಿನ ಜಾಗ, ಹೊತ್ತುಗಳ ಮಾಹಿತಿಯನ್ನು ಕಿತ್ತೊಗೆಯುತ್ತದೆ. ಯಾರು ತೆಗೆದರೋ ಅವರೇ, ತಮ್ಮ ಖಾತೆಯಿಂದಲೇ ಹಾಕಲಿ.

ಹಂತ 6: ಎಣಿಕೆ, ಟಿಪ್ಪಣಿ

ಒಂದು ಕಟ್ಟಿಗೆ ಬುಡದಿಂದ ಹತ್ತು ಕಡ್ಡಿ ಎದ್ದಿದ್ದರೂ ಅದು ಒಂದೇ ಗಿಡ. ಐವತ್ತರವರೆಗೆ ಎಣಿಸಿ, ಮೀರಿದರೆ '50ರಿಂದ 100', '100ಕ್ಕೂ ಹೆಚ್ಚು' ಎಂದು ಬರೆಯಿರಿ. ಹೂ ಬಿಟ್ಟವೆಷ್ಟು, ಎಲೆ ಮಾತ್ರ ಇರುವ ಎಳೆಯವೆಷ್ಟು ಎಂದು ಬೇರ್ಪಡಿಸಿದರೆ ಆ ಗುಂಪು ಬೆಳೆಯುತ್ತಿದೆಯೋ ಮುದಿಯಾಗಿದೆಯೋ ಎಂಬ ಸುಳಿವು ಸಿಗುತ್ತದೆ.

ಟಿಪ್ಪಣಿಯಲ್ಲಿ ಫೋಟೊ ಹೇಳಲಾರದ್ದನ್ನು ಬರೆಯಿರಿ. ಒಂದು ಮಾದರಿ: "ಬೂದು ಜೇಡಿ ದಿಬ್ಬದ ಬುಡ, ದಕ್ಷಿಣಕ್ಕೆ ಮುಖ, ಮಂದ ಇಳಿಜಾರು. ಮೇಲೆ ಬಿಳಿ ಉಪ್ಪಿನ ಪೊರೆ. 23 ಗಿಡ, 17ರಲ್ಲಿ ಹೂ, ಕೆಳಗಿನ ಕಾಯಿ ಹಸಿರು. ರಸ್ತೆಯಿಂದ 60 ಹೆಜ್ಜೆ ಉತ್ತರಕ್ಕೆ. ಎಲೆ ತಿನ್ನುತ್ತಿದ್ದ ಹುಳುಗಳಿದ್ದವು." ಬೆಕರ್ಸ್ ವೈಟ್ ಎಂಬ ಬಿಳಿ ಚಿಟ್ಟೆಯ ಮರಿಹುಳು ಈ ಗಿಡವನ್ನು ತಿಂದು ಬೆಳೆಯುತ್ತದೆ, ಹುಳು ಕಂಡರೆ ಅದಕ್ಕೆ ಪ್ರತ್ಯೇಕ ದಾಖಲೆ ಮಾಡಿ. ಬಂಡೆಪದರದ ಹೆಸರು ಗೊತ್ತಿಲ್ಲದಿದ್ದರೆ ಬಣ್ಣ ಮಾತ್ರ ಬರೆಯಿರಿ. ಮನೆಗೆ ಬಂದು ಯೂಟಾ ಭೂವೈಜ್ಞಾನಿಕ ಸಮೀಕ್ಷೆಯ ಆನ್‌ಲೈನ್ ನಕ್ಷೆಯಲ್ಲಿ ನೋಡಿದರಾಯಿತು, ಆದರೆ 'ನಕ್ಷೆಯಿಂದ' ಎಂದು ನಮೂದಿಸಿ.

ಹಂತ 7: ಅಪ್‌ಲೋಡ್

ಐನ್ಯಾಚುರಲಿಸ್ಟ್ ಸಿಗ್ನಲ್ ಇಲ್ಲದೆಯೂ ದಾಖಲೆಯನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅಪ್‌ಲೋಡನ್ನು ರಾತ್ರಿ ಹೋಟೆಲಿನ ವೈಫೈಯಲ್ಲಿ, ನೋಟ್‌ಬುಕ್ಕು ಪಕ್ಕದಲ್ಲಿಟ್ಟುಕೊಂಡು ಮಾಡಿ.

ಒಂದು ಗಿಡದ ಐದು ಫೋಟೊ ಸೇರಿ ಒಂದೇ ದಾಖಲೆ. ಹೊಸಬರು ಐದನ್ನೂ ಬೇರೆ ಬೇರೆಯಾಗಿ ಹಾಕಿ ಒಂದು ಗಿಡವನ್ನು ಐದು ಮಾಡುತ್ತಾರೆ. ಫೋಟೊದಿಂದ ಬಂದ ಪಿನ್ ಅನ್ನು ಉಪಗ್ರಹ ಚಿತ್ರದ ಮೇಲೆ ದೊಡ್ಡದು ಮಾಡಿ ನೋಡಿ. ಹಳ್ಳದಲ್ಲಿ ನಿಂತಿದ್ದೆವು, ಪಿನ್ ಬಂಡೆಯ ನೆತ್ತಿಯಲ್ಲಿದೆ ಎಂದರೆ ಕೈಯಿಂದ ಸರಿಸಿ. ಅಕ್ಯುರಸಿ ಖಾಲಿ ಇದ್ದರೆ ತುಂಬಿ.

ಸಂದರ್ಶಕರ ಕೇಂದ್ರದ ಮುಂದೆ, ಹೋಟೆಲಿನ ಕಲ್ಲುತೋಟದಲ್ಲಿ ನೆಟ್ಟ ಗಿಡವಾದರೆ 'ಕ್ಯಾಪ್ಟಿವ್ ಅಥವಾ ಕಲ್ಟಿವೇಟೆಡ್' ಗುರುತು ಒತ್ತಿ. ನೀರು ಕಡಿಮೆ ಬೇಡುವ ಗಿಡವೆಂದು ಇದನ್ನು ತೋಟಗಳಲ್ಲಿ ಬೆಳೆಸುತ್ತಾರೆ, ಆದ್ದರಿಂದ ಸಾಲಾಗಿ, ಸಮ ಅಂತರದಲ್ಲಿ ಕಂಡರೆ ಅನುಮಾನಿಸಿ.

ಜಾಗದ ಗೌಪ್ಯತೆಗೆ ಮೂರು ಆಯ್ಕೆಗಳಿವೆ: ಓಪನ್, ಅಬ್ಸ್ಕ್ಯೂರ್ಡ್, ಪ್ರೈವೇಟ್. ಪ್ರಿನ್ಸಸ್ ಪ್ಲೂಮ್ ಅಪರೂಪವಲ್ಲ, ಓಪನ್ ಇಡಿ. ಅಬ್ಸ್ಕ್ಯೂರ್ಡ್ ಮಾಡಿದರೆ ಸಾರ್ವಜನಿಕರಿಗೆ ಕಾಣುವ ಚುಕ್ಕೆ 0.2 ಡಿಗ್ರಿ ಚೌಕದೊಳಗೆ ಎಲ್ಲೋ ಬೀಳುತ್ತದೆ, ಅಂದರೆ ಯೂಟಾದಲ್ಲಿ ಸುಮಾರು 22 ಕಿ.ಮೀ. ಉದ್ದ, 17 ಕಿ.ಮೀ. ಅಗಲ, ಮಣ್ಣಿನ ಲೆಕ್ಕಕ್ಕೆ ಅದು ಶೂನ್ಯ. ಆದರೆ ಇದೇ ಕಣಿವೆಗಳಲ್ಲಿ ಇದೇ ಕುಟುಂಬದ ಬಾರ್ನೆಬಿ ರೀಡ್-ಮಸ್ಟರ್ಡ್ ಎಂಬ ಪುಟ್ಟ ಗಿಡವೂ ಇದೆ, ಅಳಿವಿನಂಚಿನದೆಂದು 1992ರಲ್ಲಿ ಒಕ್ಕೂಟ ಸರ್ಕಾರದ ಪಟ್ಟಿಗೆ ಸೇರಿದ್ದು. ಬಿಳಿ-ತಿಳಿನೇರಳೆ ಹೂವಿನ ಅಂಥದ್ದೇನಾದರೂ ಕಂಡು ಹೆಸರು ತಿಳಿಯದಿದ್ದರೆ ಅದನ್ನು ಮಾತ್ರ ಅಬ್ಸ್ಕ್ಯೂರ್ಡ್ ಮಾಡಿಯೇ ಹಾಕಿ.

ಲೈಸೆನ್ಸ್, ಅಂದರೆ ನಿಮ್ಮ ದಾಖಲೆಯನ್ನು ಬಳಸಲು ಬೇರೆಯವರಿಗೆ ಕೊಡುವ ಅನುಮತಿ, ಅದನ್ನೂ ಒಮ್ಮೆ ನೋಡಿ. 'ಎಲ್ಲ ಹಕ್ಕು ಕಾಯ್ದಿರಿಸಿದೆ' ಎಂದಿಟ್ಟರೆ ದಾಖಲೆ ಜಿಬಿಐಎಫ್‌ಗೆ ಹೋಗುವುದಿಲ್ಲ. ಜಗತ್ತಿನ ಜೀವಿಗಳ ದಾಖಲೆಗಳನ್ನೆಲ್ಲ ಒಟ್ಟುಗೂಡಿಸುವ ಆ ಭಂಡಾರದಿಂದಲೇ ಸಂಶೋಧಕರು ದತ್ತಾಂಶ ಎತ್ತಿಕೊಳ್ಳುವುದು. ಮುಕ್ತ ಬಳಕೆಗೆ ಬಿಡುವ ಲೈಸೆನ್ಸುಗಳಾದ ಸಿಸಿ0, ಸಿಸಿ-ಬಿವೈ, ಸಿಸಿ-ಬಿವೈ-ಎನ್‌ಸಿ ಈ ಮೂರರಲ್ಲಿ ಒಂದಿರಲಿ.

ಹಂತ 8: ಹಾಕಿದ ಮೇಲೆ

ಕನಿಷ್ಠ ಇಬ್ಬರು ಒಪ್ಪಿ, ಹೆಸರು ಹೇಳಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಒಂದೇ ಪ್ರಭೇದ ಎಂದರೆ ದಾಖಲೆ 'ರಿಸರ್ಚ್ ಗ್ರೇಡ್', ಅಂದರೆ ಸಂಶೋಧನೆಗೆ ಬಳಸುವ ದರ್ಜೆಯದು, ಆಗುತ್ತದೆ. ಅವಸರಕ್ಕೆ ಜೊತೆಗಾರರಿಂದ ಒಪ್ಪಿಗೆ ಒತ್ತಿಸಬೇಡಿ; ಗಿಡ ಗೊತ್ತಿಲ್ಲದವರ ಎರಡು ಒಪ್ಪಿಗೆಯಿಂದ ಬೀಪ್ಲಾಂಟ್ ಕೂಡ ಸ್ಟ್ಯಾನ್ಲಿಯಾ ಆಗಿಬಿಡುತ್ತದೆ. ಯಾರಾದರೂ ಬೇರೆ ಹೆಸರು ಹೇಳಿದರೆ ಬುಡದೆಲೆ, ಕಾಯಿಯ ಫೋಟೊ ತೋರಿಸಿ ಕೇಳಿ. 'ಫ್ಲವರ್ಸ್ ಅಂಡ್ ಫ್ರೂಟ್ಸ್' ಎಂಬ ಗುರುತಿನಲ್ಲಿ ಮೊಗ್ಗು, ಹೂ, ಕಾಯಿ ಯಾವುದಿತ್ತೋ ಎಲ್ಲವನ್ನೂ ಒತ್ತಿ.

ಅಕ್ಟೋಬರದಲ್ಲಿ ಅದೇ ದಾರಿಯಲ್ಲಿ ಹೋದರೆ ಒಣಗಿದ ಕಡ್ಡಿಗಳು ಇನ್ನೂ ನಿಂತಿರುತ್ತವೆ, ಬಿರಿದ ಕಾಯಿ ಎರಡು ತೊಟ್ಟಿನ ಸಮೇತ ನೇತಾಡುತ್ತಿರುತ್ತದೆ. ಅದೂ ದಾಖಲೆಯೇ. ಹಳೆಯದಕ್ಕೆ ಫೋಟೊ ಸೇರಿಸಬೇಡಿ, ಹೊಸ ದಿನಾಂಕದೊಡನೆ ಹೊಸತಾಗಿ ಹಾಕಿ. ಮೇ ತಿಂಗಳ ಚುಕ್ಕೆಯೂ ಇದೂ ಒಂದರ ವೃತ್ತದೊಳಗೆ ಇನ್ನೊಂದು ಬೀಳದೆ ದೂರ ಕೂತಿದ್ದರೆ ಎರಡರಲ್ಲೊಂದು ತಪ್ಪು. ಐದನೇ ಫೋಟೊ ತೆಗೆದು ದಿಗಂತ ಹೋಲಿಸಿ, ತಪ್ಪಿದ್ದನ್ನು ಸರಿಸಿ, ಸರಿಸಿದ ಮೇಲೆ ಅಕ್ಯುರಸಿಯ ಅಂಕಿಯನ್ನೂ ಬದಲಿಸಿ. ಪಿನ್ ಸರಿಸಿ ವೃತ್ತ ಬಿಟ್ಟವರ ದಾಖಲೆಗಳೇ ನಮಗೆ ಹೆಚ್ಚು ಸಿಗುವುದು.